ಅಪ್ಪೆ ಅಂದ್ರೆ ಅಮ್ಮ, ಅಮ್ಮೆ ಅಂದ್ರೆ ಅಪ್ಪ: ತುಳುವರು ಉಲ್ಟಾ ಇಟ್ಟುಕೊಂಡಿದ್ದಾರಾ?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಮದುವೆಯಾಗಿ ಮಂಗಳೂರಿಗೆ ಬಂದು ಐದು ವರ್ಷ ಆಯ್ತು. ಮನೆಮಾತು ತುಳು. ಅತ್ತೆ ನನ್ನ ಮಗನನ್ನು ಎತ್ತಿಕೊಂಡು "ನಿನ್ನ ಅಪ್ಪೆ ಓಲು?" ಅಂತ ಕೇಳಿದರೆ ಅವನು ನನ್ನ ಕಡೆ ಕೈ ತೋರಿಸುತ್ತಾನೆ. ತಂದೆಗೆ 'ಅಮ್ಮೆ' ಅಂತೆ! ಎಲ್ಲ ಕಡೆ ಅಪ್ಪ ಅಂದ್ರೆ ತಂದೆ, ಇಲ್ಲಿ ಮಾತ್ರ ಯಾಕೆ ಉಲ್ಟಾ? ಅಳಿಯಕಟ್ಟಿನಿಂದ, ಅಂದ್ರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿಯಿಂದ, ಹೀಗಾಯ್ತು ಅಂತ ನಮ್ಮ ಯಜಮಾನರು ಹೇಳ್ತಾರೆ. ಇನ್ನೊಂದು, ಕೊರಿಯಾದವರೂ ತಂದೆಗೆ 'ಅಪ್ಪಾ' ಅನ್ನುತ್ತಾರೆ, ಅದು ನಮ್ಮ ಕಡೆಯಿಂದಲೇ ಹೋದ ಪದ ಅಂತ ಒಂದು ವಿಡಿಯೋ ನೋಡಿದೆ. ನಿಜವಾ? ಮಗನಿಗೆ ಇದರಿಂದ ಗೊಂದಲ ಆಗುವುದಿಲ್ಲ ತಾನೆ?

ಉತ್ತರ:

ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ತುಳುವರು ಏನನ್ನೂ ಉಲ್ಟಾ ಮಾಡಿಲ್ಲ. ಕನ್ನಡದಲ್ಲೂ ಒಂದು ಕಾಲದಲ್ಲಿ ಹೀಗೇ ಇತ್ತು, ನಾವು ಮರೆತಿದ್ದೇವೆ ಅಷ್ಟೆ. ಅಳಿಯಕಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಕೊರಿಯಾದ ಕಥೆ ಕೇಳೋಕೆ ಚೆನ್ನಾಗಿದೆ, ನಿಲ್ಲುವುದಿಲ್ಲ.

ನಿಮಗಾದ ಗಲಿಬಿಲಿ ನನ್ನ ವಿದ್ಯಾರ್ಥಿಯೊಬ್ಬನಿಗೂ ಆಗಿತ್ತು. ಘಟ್ಟದ ಮೇಲಿನ ಹುಡುಗ, ಉಡುಪಿಗೆ ಓದಲು ಬಂದವ. ಹಳ್ಳಿ ಮನೆಗಳಿಗೆ ಹೋಗಿ ತುಳು ಪದ ಬರೆದುಕೊಂಡು ಬನ್ನಿ ಅಂತ ಕಳಿಸಿದ್ದೆ. ಒಂದು ಮನೆಯಲ್ಲಿ ಯಜಮಾನರು "ಅಮ್ಮೆರ್ ತೀರ್ದ್ ಪೋಯೆರ್" ಅಂದರಂತೆ. ಇವ ಗಂಭೀರವಾಗಿ "ತಾಯಿ ತೀರಿಕೊಂಡಿದ್ದಾರೆ" ಅಂತ ಪುಸ್ತಕದಲ್ಲಿ ಬರೆದುಕೊಂಡ. ಆ ತಾಯಿ ಅಲ್ಲೇ ಜಗಲಿಯಲ್ಲಿ ಕಾಲು ಚಾಚಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು! ಹೊರಡುವಾಗ ಒಂದು ಹಿಡಿ ಬೀಜ ಇವನ ಕೈಗೇ ಹಾಕಿದರಂತೆ. ಯಾರು ಈ ಅಜ್ಜಿ ಅಂತ ಅವನು ಕೇಳಿದ್ದು, "ಎನ್ನ ಅಪ್ಪೆ" ಅಂತ ಯಜಮಾನರು ಹೇಳಿದ್ದು, ಇವನು ಪೆನ್ನು ಬಾಯಲ್ಲಿಟ್ಟುಕೊಂಡು ನಿಂತದ್ದು, ಎಲ್ಲ ಆಮೇಲೆ ತರಗತಿಯಲ್ಲಿ ಅವನೇ ಹೇಳಿ ನಗಿಸಿದ.

ಈಗ ವಿಷಯಕ್ಕೆ ಬರೋಣ. ಒಂದು ಸಣ್ಣ ಪ್ರಯೋಗ ಮಾಡಿ. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು 'ಅಮ್ಮ' ಅನ್ನಿ. ಏನು ಕೇಳಿಸಿತು? ಹೆಚ್ಚುಕಡಿಮೆ 'ಅಬ್ಬ', ಅಲ್ವಾ? ನೆಗಡಿ ಆದ ಮಕ್ಕಳು ಹೀಗೇ ಕರೆಯುವುದು. ಮ, ಬ, ಪ ಮೂರಕ್ಕೂ ತುಟಿ ಮಾಡುವ ಕೆಲಸ ಒಂದೇ. ಮುಚ್ಚುವುದು, ಬಿಡುವುದು. ಗಾಳಿ ಮೂಗಿನಿಂದ ಹೋದರೆ ಮ, ಮೂಗಿಗೆ ಹೋಗದಿದ್ದರೆ ಬ, ಗಂಟಲನ್ನು ಗುಂಯ್‌ಗುಡಿಸದೆ ಬಿಟ್ಟರೆ ಪ. ಆರೇಳು ತಿಂಗಳ ಮಗು ತೊದಲಲು ಶುರು ಮಾಡಿದಾಗ ಅದಕ್ಕೆ ಸುಲಭವಾಗಿ ದಕ್ಕುವುದು ಇವೇ, ಜೊತೆಗೆ ಬಾಯಿ ತೆರೆದರೆ ಸಾಕಾಗುವ 'ಅ'. ಮಾಮಾಮಾ, ಬಾಬಾಬಾ, ಪಾಪಾಪಾ. ಆ ಮಗು ಯಾರನ್ನೂ ಕರೆಯುತ್ತಿಲ್ಲ. ಸುಮ್ನೆ ಬಾಯಿ ಆಡಿಸುತ್ತಿದೆ. ಕರೆಯುತ್ತಿದೆ ಅಂತ ತೀರ್ಮಾನ ಮಾಡುವವರು ನಾವು. "ನೋಡಿ, ನನ್ನನ್ನೇ ಕರೆದ!" ಅಂತ ತಾಯಿ ಹಿಗ್ಗುತ್ತಾಳೆ, ಇಲ್ಲ ನನ್ನನ್ನೇ ಅಂತ ತಂದೆ ವಾದ ಮಾಡುತ್ತಾನೆ, ನಡುವೆ ಅಜ್ಜಿಯದು ಬೇರೆ. ಪದಕ್ಕೆ ಅರ್ಥ ಕೊಡುವವರು ದೊಡ್ಡವರು. ಯಾವ ಸದ್ದು ಯಾರ ಪಾಲಿಗೆ ಅನ್ನುವುದು ಒಂದೊಂದು ಭಾಷೆಯಲ್ಲಿ ಒಂದೊಂದು ಥರ ಹಂಚಿಕೆ ಆಗಿದೆ.

ಹಂಚಿಕೆಯಲ್ಲಿ ಒಂದು ಒಲವು ಇದೆ ಅನ್ನುವುದು ನಿಜ. ಜಾರ್ಜ್ ಮರ್ಡಾಕ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞರು 1950ರ ದಶಕದಲ್ಲಿ ಜಗತ್ತಿನ ನೂರಾರು ಭಾಷೆಗಳಿಂದ ತಾಯಿ ತಂದೆಯ ಪದಗಳನ್ನು ಕಲೆಹಾಕಿದರು, ಒಟ್ಟು 1,072. ಅದನ್ನು ಮುಂದಿಟ್ಟುಕೊಂಡು ರೋಮನ್ ಯಾಕೋಬ್ಸನ್ ಎಂಬ ಭಾಷಾವಿಜ್ಞಾನಿ ಬರೆದ ಲೇಖನ ಈಗಲೂ ಓದುವಂಥದ್ದು. ತಾಯಿಯ ಪದಗಳಲ್ಲಿ ಶೇ. 55ರಲ್ಲಿ ಮ, ನ ಥರದ ಮೂಗಿನ ಸದ್ದು. ತಂದೆಯ ಪದಗಳಲ್ಲಿ ಶೇ. 15 ಮಾತ್ರ. ಕಾರಣ ಅವರು ಕೊಟ್ಟದ್ದು ಸರಳ: ಮಗು ಮೊಲೆಗೆ ಬಾಯಿ ಕೊಟ್ಟಿರುವಾಗ ಮೂಗಿನಿಂದಷ್ಟೇ ಸದ್ದು ಬರಲು ಸಾಧ್ಯ, ಆಮೇಲೆ ಹಸಿವಾದಾಗಲೂ ಅದೇ 'ಮ್‌ಮ್' ಹೊರಡುತ್ತದೆ. ಆದರೆ ಶೇ. 55 ಅಂದ್ರೆ ಎಲ್ಲ ಅಲ್ಲ. ತಂದೆಯ ಕಡೆ ಆ ಶೇ. 15 ಇದೆಯಲ್ಲ, ನಿಮ್ಮ ಅತ್ತೆ ಹೇಳುವ 'ಅಮ್ಮೆ' ಆ ಗುಂಪಿನದ್ದು.

ಒಂಟಿಯೇನಲ್ಲ. ಜಾರ್ಜಿಯಾ ದೇಶದಲ್ಲಿ 'ಮಾಮಾ' ಅಂದ್ರೆ ತಂದೆ, 'ದೆದಾ' ಅಂದ್ರೆ ತಾಯಿ. ಹಂಗೇರಿಯಲ್ಲಿ 'ಅಪಾ' ಅಂದ್ರೆ ತಂದೆ, ಕಿರ್ಗಿಜ್‌ನಲ್ಲಿ ಅದೇ 'ಅಪಾ' ತಾಯಿ. ಉರ್ದುವಿನ 'ಆಪಾ' ಅಕ್ಕ. ದೂರ ಯಾಕೆ, ತೆಲುಗಿನ ಕೆಲವು ಕಡೆ 'ಅಪ್ಪ' ಅಂದ್ರೆ ಅಕ್ಕನೇ. ಬಾಬಾ ನಮಗೆಲ್ಲ ಗಡ್ಡದ ಹಿರಿಯ, ತುರ್ಕರಿಗೆ ತಂದೆ, ರಷ್ಯನ್ನರಿಗೆ 'ಬಾಬಾ' ಅಂದ್ರೆ ಹೆಂಗಸು, ಮುದುಕಿ. ಅರಾಮಿಕ್ ಭಾಷೆಯಲ್ಲಿ ತಂದೆಗೆ ಅಬ್ಬಾ. ಅದೇ ಗ್ರೀಕ್, ಲ್ಯಾಟಿನ್ ದಾಟಿ ಕ್ರೈಸ್ತ ಮಠದ ಯಜಮಾನನಿಗೆ 'ಅಬಾಟ್' ಆಯಿತು. ಗ್ರೀಕ್ ಮಕ್ಕಳ 'ಪಪ್ಪಾಸ್' ರೋಮಿನಲ್ಲಿ 'ಪೋಪ್' ಆಯಿತು.

ನನಗೆ ಇದರಲ್ಲೆಲ್ಲ ಇಷ್ಟವಾದದ್ದು ಜಪಾನಿನ ಒಂದು ಒಗಟು. ಗೋ-ನಾರಾ ಚಕ್ರವರ್ತಿಯ ಹೆಸರಿನಲ್ಲಿರುವ, 1516ರ ಒಗಟುಗಳ ಸಂಗ್ರಹದಲ್ಲಿ ಇದೆ. ತಾಯಿಗಾಗಿ ಎರಡು ಸಲ ಕೂಡುತ್ತೇವೆ, ತಂದೆಗಾಗಿ ಒಂದು ಸಲವೂ ಕೂಡುವುದಿಲ್ಲ, ನಾವು ಯಾರು? ಉತ್ತರ: ತುಟಿಗಳು. ಈಗಿನ ಜಪಾನೀಯರಿಗೆ ಇದು ತಲೆಬುಡ ಅರ್ಥವಾಗುವುದಿಲ್ಲ, ಯಾಕಂದ್ರೆ ಈಗ ತಾಯಿಗೆ 'ಹಹಾ', ತಂದೆಗೆ 'ಚಿಚಿ'. ಹಹಾ ಅನ್ನಲು ತುಟಿ ಎಲ್ಲಿ ಕೂಡಬೇಕು? ಆಗ ಕೂಡುತ್ತಿತ್ತು. ಒಗಟು ಕಟ್ಟಿದ ಕಾಲದಲ್ಲಿ ಆ ಪದವನ್ನು ತುಟಿ ಹತ್ತಿರ ತಂದು 'ಫಫಾ' ಅನ್ನುವ ಹಾಗೆ ಹೇಳುತ್ತಿದ್ದರು, ಅದಕ್ಕೂ ಹಿಂದೆ ಅದು 'ಪಪಾ'. ಅಂದ್ರೆ ಹಳೆಯ ಜಪಾನಿನಲ್ಲಿ ಪಪಾ ಅಂದ್ರೆ ತಾಯಿ! ನಿಮ್ಮ ಅತ್ತೆ ಅಲ್ಲಿ ಹುಟ್ಟಿದ್ದರೆ ಏನೂ ತೊಂದರೆ ಆಗುತ್ತಿರಲಿಲ್ಲ.

ಪ ಹೋಗಿ ಹ ಬಂದದ್ದನ್ನು ನೆನಪಿಟ್ಟುಕೊಳ್ಳಿ. ಕನ್ನಡದಲ್ಲೂ ಅದೇ ಆಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡಕ್ಕೆ ಬಂದರೆ, ಅತ್ತಿಮಬ್ಬೆ ಹೆಸರು ಶಾಲೆಯಲ್ಲಿ ಓದಿರುತ್ತೀರಿ. 10ನೇ ಶತಮಾನದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ. 918ರ ಹೊತ್ತಿಗೆ ನಾಗರಖಂಡದ ಆಡಳಿತ ನಡೆಸಿದವಳು ಜಕ್ಕಿಯಬ್ಬೆ. ಇವರ ಹೆಸರಿನ ಕೊನೆಯಲ್ಲಿರುವ 'ಅಬ್ಬೆ' ಏನು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಅದೇ ತಾಯಿ. ಹಳಗನ್ನಡದಲ್ಲಿ ಅಬ್ಬೆ ಅಂದ್ರೆ ತಾಯಿ, ನಮ್ಮ ಕಾಲದ ಬಸಮ್ಮ, ಮಲ್ಲಮ್ಮನ 'ಅಮ್ಮ' ಕೂತಿರುವ ಜಾಗದಲ್ಲಿ ಆಗ 'ಅಬ್ಬೆ' ಕೂತಿದ್ದಳು. ಈಗ ಅಬ್ಬೆಯ ಪಕ್ಕ ತುಳುವಿನ ಅಪ್ಪೆಯನ್ನು ಇಟ್ಟು ನೋಡಿ. ಬ ಮತ್ತು ಪ, ಅಷ್ಟೇ ವ್ಯತ್ಯಾಸ. ಒಂದೇ ಪದ.

ಅಬ್ಬೆ ಸತ್ತೂ ಇಲ್ಲ. ಮಂಗಳೂರಿನಿಂದ ಬಸ್ಸು ಹತ್ತಿ ಎರಡು ಗಂಟೆ ಬಂದರೆ ನಮ್ಮ ಕುಂದಾಪುರ. ಅಲ್ಲಿಯ ಹಳಬರ ಬಾಯಲ್ಲಿ ತಾಯಿ ಈಗಲೂ 'ಅಬ್ಬಿ', ತಂದೆ 'ಅಪ್ಪಯ್ಯ'. ನಮ್ಮ ಕನ್ನಡವನ್ನು ನಾವು 'ಅಬ್ಬಿ ಭಾಷಿ' ಅಂತಲೇ ಹೇಳಿಕೊಳ್ಳುವುದು. ಹವ್ಯಕರ ಮನೆಗಳಲ್ಲಿ 'ಅಬ್ಬೆ'. ನಿಮ್ಮ ದಾವಣಗೆರೆಯ 'ಅವ್ವ'ಳೂ ತೀರಾ ದೂರದವಳಲ್ಲ. ಹಾಗಾಗಿ ಅತ್ತೆಯ ಅಪ್ಪೆ ನಿಮಗೆ ಹೊಸಬಳೇನೂ ಅಲ್ಲ. ನಿಮ್ಮ ಮಗ 'ಅಪ್ಪೆ' ಅಂತ ತೋರಿಸುವಾಗ ಪಂಪನ ಕಾಲದ ಕನ್ನಡವನ್ನೇ ಸ್ವಲ್ಪ ತುಳು ರಾಗದಲ್ಲಿ ಆಡುತ್ತಿದ್ದಾನೆ ಅಂದುಕೊಳ್ಳಿ.

ಇನ್ನು 'ಅಮ್ಮೆ'. ಇಲ್ಲಿ ಕಿವಿ ಮೋಸ ಹೋಗುವುದು ಕೊನೆಯ 'ಎ'ಯಿಂದ. ಕನ್ನಡದವರಿಗೆ 'ಎ' ಬಂದರೆ ಹೆಣ್ಣು ಅನ್ನಿಸುತ್ತದೆ. ತುಳುವಿನಲ್ಲಿ ಗಂಡಸಿನ ಪದಗಳೂ 'ಎ'ಯಲ್ಲಿ ಮುಗಿಯುತ್ತವೆ. ನಮ್ಮ ಮಗ ಅವರಿಗೆ 'ಮಗೆ', ನಮ್ಮ ಅಣ್ಣ 'ಅಣ್ಣೆ', ನಮ್ಮ ಕಳ್ಳ 'ಕಳುವೆ'. ಅದೇ ಲೆಕ್ಕದಲ್ಲಿ ಅವರ 'ಅಮ್ಮೆ'ಯನ್ನು ಕನ್ನಡಕ್ಕೆ ತಂದರೆ ಏನಾಗಬೇಕು? 'ಅಮ್ಮ'. ಗಂಡಸು ಅಮ್ಮ. ನಗಬೇಡಿ, ಆ ಹೆಸರಿನ ರಾಜರೇ ಇದ್ದರು. ವೆಂಗಿಯ ಪೂರ್ವ ಚಾಲುಕ್ಯರಲ್ಲಿ ಒಂದನೇ ಅಮ್ಮ, ಎರಡನೇ ಅಮ್ಮ ಅಂತ ಇಬ್ಬರು ಆಳಿದರು. ಎರಡನೇ ಅಮ್ಮರಾಜ 945ರಲ್ಲಿ ಪಟ್ಟಕ್ಕೆ ಬಂದವ, ಸುಮಾರು 25 ವರ್ಷ ಆಳಿದವ. ತಮಿಳಿನಲ್ಲಿ ಸೋದರಮಾವನಿಗೆ 'ಅಮ್ಮಾನ್' ಅನ್ನುತ್ತಾರೆ. ಅಂದ್ರೆ ನಮ್ಮ ದಕ್ಷಿಣದ ಭಾಷೆಗಳಲ್ಲಿ ಅಮ್ಮ, ಅಪ್ಪ, ಅಬ್ಬ ಅನ್ನುವ ಬುಡಗಳು ಮೊದಮೊದಲು 'ಮನೆಯ ಹಿರಿಯರು' ಅನ್ನುವಷ್ಟೇ ಸಡಿಲ ಅರ್ಥದಲ್ಲಿ ಓಡಾಡಿಕೊಂಡಿದ್ದವು ಅಂತ ನನಗೆ ಅನ್ನಿಸುತ್ತದೆ. ಬಿಗಿಯಾದದ್ದು ಆಮೇಲೆ. ಕನ್ನಡ ಒಂದು ರೀತಿ ಬಿಗಿ ಮಾಡಿಕೊಂಡಿತು, ತುಳು ಇನ್ನೊಂದು ರೀತಿ.

ನಿಮ್ಮ ಯಜಮಾನರ ವಾದ ನಾನೂ ಬಹಳ ಸಲ ಕೇಳಿದ್ದೇನೆ. ಇಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಮನೆಗೆ ತಾಯಿಯೇ ಯಜಮಾನಿ, ಹಾಗಾಗಿ ತಂದೆಯ ಹೆಸರು ತಾಯಿಗೆ ಬಂತು ಅಂತ. ಕೇಳಲು ಒಪ್ಪುವ ಹಾಗಿದೆ, ಬೇಸರದ ವಿಷಯ ಏನಂದ್ರೆ ಪಕ್ಕದ ಕೇರಳಕ್ಕೆ ಕಾಲಿಟ್ಟ ಕೂಡಲೇ ಬಿದ್ದುಹೋಗುತ್ತದೆ. ಅಲ್ಲಿ ನಾಯರ್ ಮನೆತನಗಳಲ್ಲೂ ತಾಯಿಯ ಕಡೆಯ ವಂಶವೇ, ಆದರೂ ಅಲ್ಲಿ ಅಮ್ಮ ಅಮ್ಮನೇ, ತಂದೆ ಅಚ್ಛನ್. ಅತ್ತ ಜಾರ್ಜಿಯಾದಲ್ಲಿ ಅಳಿಯಕಟ್ಟು ಇಲ್ಲ, ಮಾಮಾ ಮಾತ್ರ ತಂದೆ. ಯಜಮಾನರಿಗೆ ನಿಧಾನವಾಗಿ ಹೇಳಿ, ನಾನು ಹೇಳಿದ್ದು ಅಂತ ಹೇಳಬೇಡಿ.

ಕೊರಿಯಾ. ಅಲ್ಲಿ ಮಕ್ಕಳು ತಂದೆಗೆ 'ಅಪ್ಪಾ', ತಾಯಿಗೆ 'ಅಮ್ಮಾ'ಗೆ ಹತ್ತಿರದ 'ಒಮ್ಮಾ' ಅನ್ನುವುದು ನಿಜ. ಈ ಸಂಬಂಧ ಹುಡುಕುವ ಆಸೆಯೂ ಹೊಸದಲ್ಲ, ಹೋಮರ್ ಹಲ್ಬರ್ಟ್ ಎಂಬುವರು 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಒಂದು ವ್ಯಾಕರಣ ಪುಸ್ತಕ ತಂದಿದ್ದರು. ಆದರೆ ಮೇಲೆ ಹೇಳಿದ್ದು ನೆನಪಿಸಿಕೊಳ್ಳಿ. ಅಪ್ಪ, ಅಮ್ಮ ಎಲ್ಲ ಮಕ್ಕಳ ಬಾಯಲ್ಲೂ ತಾನಾಗಿ ಹುಟ್ಟುವ ಪದ. ಅದನ್ನು ಇಟ್ಟುಕೊಂಡು ನಂಟು ಹೇಳುವುದು ಅಂದ್ರೆ, ಇಬ್ಬರಿಗೂ ಎರಡು ಕಿವಿ ಇದೆ, ಹಾಗಾಗಿ ಇವರು ಅಣ್ಣತಮ್ಮ ಅಂದ ಹಾಗೆ. ನಂಟು ನೋಡಬೇಕಾದರೆ ಮಗುವಿನ ತೊದಲು ಬಿಟ್ಟು ಬೇರೆ ಪದ ನೋಡಬೇಕು. ನಮ್ಮ ಒಂದು, ಎರಡು ಅವರಲ್ಲಿ ಹನಾ, ತುಲ್. ಕಣ್ಣು ಅವರಿಗೆ ನುನ್. ನೀರು ಮುಲ್. ಕೈ ಸೊನ್. ಎಲ್ಲಿದೆ ಹೋಲಿಕೆ? ದಿನಕ್ಕೆ ಅವರು 'ನಲ್' ಅನ್ನುತ್ತಾರೆ, ತಮಿಳಿನ 'ನಾಳ್' ಥರ. ಹೀಗೆ ನಾಲ್ಕಾರು ಪದ ಯಾವ ಎರಡು ಭಾಷೆ ತೆಗೆದುಕೊಂಡರೂ ಸಿಗುತ್ತದೆ.

ನಿಜವಾದ ನಂಟು ಹೇಗಿರುತ್ತದೆ ಅಂತ ನಿಮ್ಮ ಮನೆಯಲ್ಲೇ ನೋಡಬಹುದು. ಕನ್ನಡದ ಹಂದಿ ತುಳುವಿನಲ್ಲಿ ಪಂಜಿ. ಸದ್ದಿನಲ್ಲಿ ಅಷ್ಟೇನೂ ಹೋಲುವುದಿಲ್ಲ, ಅಲ್ವಾ? ಆದರೆ ಒಂದು ಅವರಿಗೆ ಒಂಜಿ, ಅಂದ್ರೆ ನಮ್ಮ 'ಂದ' ಅವರ 'ಂಜ'. ಹುಲಿ ಅವರಿಗೆ ಪಿಲಿ, ಹೂವು ಪೂ, ಅಂದ್ರೆ ನಮ್ಮ ಹ ಅವರ ಪ. ಎರಡು ನಿಯಮ ಸೇರಿಸಿ, ಹಂದಿ ತಾನಾಗಿ ಪಂಜಿ ಆಗುತ್ತದೆ. ಹೀಗೆ ಸಾಲುಸಾಲಾಗಿ ಲೆಕ್ಕ ತಪ್ಪದೆ ಬರಬೇಕು. ಅಷ್ಟಮಿಗೆ ಉಡುಪಿಯ ರಥಬೀದಿಯಲ್ಲಿ ಪಿಲಿವೇಷ ಕುಣಿಯುವಾಗ ಪಕ್ಕದಲ್ಲಿ ನಿಂತ ಘಟ್ಟದ ಮೇಲಿನವರು "ಹುಲಿವೇಷ" ಅಂತ ಮಕ್ಕಳಿಗೆ ತೋರಿಸುತ್ತಾರಲ್ಲ, ಸಾವಿರ ವರ್ಷದ ಹಿಂದೆ ಕನ್ನಡದವರೂ ಪುಲಿ ಅಂತಲೇ ಅನ್ನುತ್ತಿದ್ದರು. ಪ ಹ ಆದದ್ದು ಆಮೇಲೆ. ಜಪಾನಿನ ಪಪಾ ಹಹಾ ಆದ ಹಾಗೆ.

ಹೀಗಿರುವಾಗ ಇನ್ನೊಂದು ಅಪ್ಪ ಹೇಳದೆ ಇದ್ದರೆ ನನಗೆ ಸಮಾಧಾನ ಇಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿ ಪುತ್ತೂರು ಕಡೆಯ ಹವ್ಯಕ ಹುಡುಗ ಒಬ್ಬ, ಕಲಬುರಗಿಯವ ಒಬ್ಬ. ಹವ್ಯಕ ಹುಡುಗ ಮನೆಗೆ ಫೋನ್ ಮಾಡಿದರೆ ಅರ್ಧ ಗಂಟೆ "ಅಪ್ಪು... ಅಪ್ಪು... ಅಪ್ಪಪ್ಪು" ಅಂತಲೇ ತಲೆ ಆಡಿಸುತ್ತಿದ್ದ. ಕಲಬುರಗಿಯವ ಒಂದು ವಾರ ಸುಮ್ಮನಿದ್ದು ಕೊನೆಗೆ ಕೇಳಿದ, "ಏನಲೇ, ನಿಮ್ಮ ಮನ್ಯಾಗ ಎಲ್ಲಾರೂ ಪುನೀತ್ ರಾಜ್‌ಕುಮಾರ್ ಅಭಿಮಾನಿಗಳೇನು?" ಹವ್ಯಕರ ಕನ್ನಡದಲ್ಲಿ ಅಪ್ಪು ಅಂದ್ರೆ ಹೌದು. ಅಷ್ಟೇ ಅಲ್ಲ, ಅಪ್ಪು ಮತ್ತು ಹೌದು ಎರಡೂ ಒಂದೇ ಪದ. ಹಳಗನ್ನಡದಲ್ಲಿ 'ಅಪ್ಪುದು' ಅಂದ್ರೆ ಆಗುವುದು, ಆಗಿರುವುದು. ಪ ಹೋಗಿ ಹ ಬಂದು ಅದು 'ಅಹುದು' ಆಯಿತು, ನಡುಗನ್ನಡ ಕಾವ್ಯಗಳ ತುಂಬ ಇದೆ. ಅಹುದು ಇನ್ನೂ ಸವೆದು 'ಹೌದು'. ಕನ್ನಡನಾಡು ಇಡೀ ಹೌದು ಹೌದು ಅನ್ನುವಾಗ ಕರಾವಳಿಯ ಹವ್ಯಕರು ಪ ಬಿಡದೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಾರೆ. ತಂದೆ ಅಪ್ಪನಿಗೂ ಈ ಅಪ್ಪುವಿಗೂ ಹುಟ್ಟಿನಿಂದ ಏನೂ ಸಂಬಂಧ ಇಲ್ಲ, ಒಂದು ಮಗುವಿನ ತೊದಲು, ಇನ್ನೊಂದು 'ಆಗು' ಕ್ರಿಯಾಪದದ ರೂಪ. ತಂದೆ ಅನ್ನುವ ಅರ್ಥದ 'ಅಪ್ಪ' ಸಾವಿರ ವರ್ಷದಿಂದ ಅಲ್ಲಾಡದೆ ಇದ್ದಾನೆ. ಸವೆದರೂ ಮುಂದಿನ ಮಗು ಮತ್ತೆ ಹೊಸದಾಗಿ ಮಾಡಿಕೊಡುತ್ತದೆಯಲ್ಲ!

ತಿನ್ನುವ ಅಪ್ಪ ಮತ್ತೆ ಬೇರೆ. ಗುಳಿಯಪ್ಪ, ಗಣಪತಿಯ ಪ್ರಸಾದದ ಅಪ್ಪ, ಮಧೂರಿನ ಮೂಡಪ್ಪ ಸೇವೆಯಲ್ಲಿ ದೇವರನ್ನೇ ಮುಚ್ಚುವಷ್ಟು ಪೇರಿಸುವ ಅಪ್ಪ. ಸಂಸ್ಕೃತದ 'ಅಪೂಪ' ಋಗ್ವೇದದಲ್ಲೇ ಇದೆ, ಅದರ ಬಳಗದಲ್ಲೇ ಉತ್ತರದ ಮಾಲ್‌ಪುವಾದ 'ಪುವಾ' ಬರುತ್ತದೆ. ಸಾಗರ, ಸಿರ್ಸಿ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಮನೆಗೆ ಬಂದರೆ ಮಾತ್ರ ಅತ್ತೆಗೆ ಹೆಸರು ಹೇಳುವ ಮೊದಲು ಯೋಚಿಸಿ. ನನ್ನ ತುಳು ಗೆಳೆಯನೊಬ್ಬ "ಅಪ್ಪೆನ್ ಉಪ್ಪುಡು ಪಾಡಿಯರಾ?" ಅಂತ ಈಗಲೂ ಕಾಡುತ್ತಾನೆ. ತಾಯಿಯನ್ನು ಉಪ್ಪಿನಲ್ಲಿ ಹಾಕಿಟ್ಟಿರಾ ಅಂತ.

ಕೊನೆಗೆ ನಿಮ್ಮ ಮಗ. ಗೊಂದಲ ಆಗುವುದಿಲ್ಲ. ಮಂಗಳೂರಿನ ಮಕ್ಕಳು ಇದಕ್ಕಿಂತ ಜಾಸ್ತಿ ನಿಭಾಯಿಸುತ್ತವೆ. ಒಂದೇ ವಠಾರದಲ್ಲಿ ಕೊಂಕಣಿಯ ಆವಯ್-ಬಾಪಯ್, ಬ್ಯಾರಿಗಳ ಉಮ್ಮ, ತುಳುವಿನ ಅಪ್ಪೆ-ಅಮ್ಮೆ, ಕನ್ನಡದ ಅಪ್ಪ-ಅಮ್ಮ, ಎಲ್ಲರ ಮನೆಯ ಪಪ್ಪ-ಮಮ್ಮಿ. ಮಗು ಪದವನ್ನು ಪದದ ಜೊತೆ ಹೋಲಿಸಿ ಕಲಿಯುವುದಿಲ್ಲ, ಆಡುವವರ ಮುಖ ನೋಡಿ ಕಲಿಯುತ್ತದೆ. ಅಜ್ಜಿ ಆಡಿದರೆ ಈ ಪದ, ಅಮ್ಮ ಆಡಿದರೆ ಆ ಪದ. ಅತ್ತೆ "ಅಪ್ಪೆ ಓಲು?" ಅಂದಾಗ ಅವನು ಅಪ್ಪನ ಕಡೆ ನೋಡದೆ ನಿಮ್ಮನ್ನೇ ತೋರಿಸಿದನಲ್ಲ, ಉತ್ತರ ಅಲ್ಲೇ ಇದೆ. ಮುಂದಿನ ಸಲ ಕಟೀಲಿಗೆ ಹೋಗುವ ಬಸ್ಸು ಹತ್ತಿದಾಗ ಗಾಜಿನ ಮೇಲೆ 'ಕಟೀಲಪ್ಪೆ' ಅಂತ ಬರೆದಿದ್ದರೆ ಅವನಿಗೆ ಓದಿ ಹೇಳಿ, ಅಲ್ಲಿ ಯಾರಿದ್ದಾರೆ ಅಂತ ಕೇಳಿ ನೋಡಿ. ಏನು ಹೇಳಿದ ಅಂತ ನನಗೂ ಒಂದು ಸಾಲು ಬರೆಯಿರಿ.